ಸಮೀಕ್ಷೆ ಹೇಳುವುದೇನು, ಹೇಳದಿರುವುದೇನು?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಲ್ಲಿ ದುಡಿಯುತ್ತಿದ್ದಾರೆ. ಅಲ್ಲಿಯ ನೌಕರರ ಮನಸ್ಸಿನ ಒತ್ತಡವನ್ನು ಕುರಿತ ಸಮೀಕ್ಷೆಗಳು ಆಗಾಗ್ಗೆ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ತಲೆಬರಹ ಓದಿದೊಡನೆ ಊರಿನಲ್ಲಿರುವ ತಂದೆತಾಯಿಗಳು ಕಳವಳಗೊಳ್ಳುತ್ತಾರೆ. ಆದುದರಿಂದ ಇಂಥ ಅಂಕಿಗಳನ್ನು ಓದುವ ಬಗೆಯನ್ನು ನಾವೆಲ್ಲರೂ ಕಲಿಯಬೇಕೆಂಬುದು ನನ್ನ ಅಭಿಪ್ರಾಯ.

ಅವಲೋಕನ, ವ್ಯಕ್ತಿ ಅಧ್ಯಯನ, ಸಮೀಕ್ಷೆ ಇವು ಮನಃಶಾಸ್ತ್ರದ ವಿವರಣಾತ್ಮಕ ವಿಧಾನಗಳು. ಇವು ಇರುವುದನ್ನು ಇರುವಂತೆ ತಿಳಿಸುತ್ತವೆ. ಹೀಗೇಕಾಯಿತೆಂದು ನಿರ್ಣಯಿಸುವ ಅಧಿಕಾರ ಇವುಗಳಿಗಿಲ್ಲ.

ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನೇ ನೋಡಿ. ಮೊದಲು ನಮ್ಮ ಕೋಲಾರ ಜಿಲ್ಲೆಯಲ್ಲಿ ಪ್ರಾಯೋಗಿಕವಾಗಿ ಆರಂಭಿಸಿ, ಅನಂತರ 12 ರಾಜ್ಯಗಳಲ್ಲಿ ಮನೆಮನೆಗೆ ಹೋಗಿ ಜನರನ್ನು ಮಾತನಾಡಿಸಿದರು. ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಆಗ ಮಾನಸಿಕ ತೊಂದರೆಯಿತ್ತು. ಮಹಾನಗರಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಹಾಗೆಂದು ಮಹಾನಗರವೇ ರೋಗಕ್ಕೆ ಕಾರಣವೆನ್ನಲಾಗದು. ಸಾಲ, ಒಂಟಿತನ, ನಿದ್ರಾಹೀನತೆ ಯಾವುದೂ ಇರಬಹುದು. ಮೊದಲೇ ನೊಂದವರು ನಗರಕ್ಕೆ ಬಂದಿರಲೂಬಹುದು. ಆದರೂ, ತೊಂದರೆಯುಳ್ಳವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ದೊರೆಯುತ್ತಿಲ್ಲವೆಂದು ಆ ಸಮೀಕ್ಷೆ ತೋರಿಸಿಕೊಟ್ಟಿತು. ಕಾರಣ ತಿಳಿಯುವ ಮುನ್ನವೇ ಕಾರ್ಯಪ್ರವೃತ್ತರಾಗಲು ಇಷ್ಟು ಸಾಲದೇ?

ಅಂಕಿಗಳ ಹಿಂದೆ ಇನ್ನೊಂದು ಪ್ರಶ್ನೆಯಿದೆ: ಕೇಳಿದ್ದು ಯಾರನ್ನು? ಕಂಪನಿಯೇ ಇಮೇಲ್‌ನಲ್ಲಿ ಕಳುಹಿಸಿದ ಪ್ರಶ್ನಾವಳಿಗೆ ನೌಕರನು ಅಳುಕುತ್ತಲೇ ಉತ್ತರಿಸುತ್ತಾನೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತ ಹೆಣ್ಣುಮಗಳಿಗೆ ಆ ಇಮೇಲ್ ಬರುವುದೇ ಇಲ್ಲ. ಯಾರೂ ಕೇಳದ ಅವಳ ನೋವು ಯಾವ ಲೆಕ್ಕಕ್ಕೂ ಸೇರದು.

ಆದ್ದರಿಂದ ಎಣಿಕೆಯೊಡನೆ ನಿಧಾನವಾದ ಅವಲೋಕನವೂ ಬೇಕು. ಸಮಾಜಶಾಸ್ತ್ರದಲ್ಲಿ ಇದಕ್ಕೊಂದು ಉತ್ತಮ ನಿದರ್ಶನವಿದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಕ್ಯಾರಲ್ ಉಪಾಧ್ಯ ಮತ್ತು ಎ. ಆರ್. ವಾಸವಿ ಅವರು ಐಟಿ ನೌಕರರನ್ನು ಸಂದರ್ಶಿಸಿ, ಅವರ ಕೆಲಸ ಹಾಗೂ ಬದುಕನ್ನು ಕುರಿತು 2006ರಲ್ಲಿ ವರದಿ ನೀಡಿದರು. ಅಂಥದೇ ತಾಳ್ಮೆಯ ಅಧ್ಯಯನ ಪೀಣ್ಯದ ರಾತ್ರಿಪಾಳಿಯ ಕಾರ್ಮಿಕರ ಮನಸ್ಸನ್ನು ಕುರಿತೂ ನಡೆಯಬೇಕು.

ನಿಮ್ಮಲ್ಲಿ ಕೆಲವರು ಈಗ ಮೇಲಧಿಕಾರಿಗಳಾಗಿದ್ದೀರಿ. ಪ್ರಶ್ನಾವಳಿ ಸಿದ್ಧಪಡಿಸುವಾಗ ಹೆಸರು ಕೇಳಬೇಡಿ, ಕನ್ನಡದಲ್ಲಿಯೂ ಕೇಳಿ, ಗುತ್ತಿಗೆ ನೌಕರರನ್ನೂ ಕಾವಲುಗಾರರನ್ನೂ ಮರೆಯಬೇಡಿ. ಬಂದ ಉತ್ತರ ಅಪ್ರಿಯವಾದರೂ ಅದನ್ನು ಮುಚ್ಚಿಡದಿರಿ. ಮನೆಯಲ್ಲಿರುವ ಹಿರಿಯರಾದರೋ, ತಲೆಬರಹವನ್ನು ನಂಬುವ ಮೊದಲು ಮಗನಿಗೋ ಮಗಳಿಗೋ ಒಮ್ಮೆ ಫೋನ್ ಮಾಡಿ, ಅವರು ಹೇಳುವುದನ್ನು ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಲಿ.