ಎಂಡೋ ಸಂತ್ರಸ್ತರಿಗೆ ಪಿಂಚಣಿ ಬಂತು, ಥೆರಪಿ ಮನೆಗೆ ಬರೋದು ಯಾವಾಗ?

ಅಂಗವೈಕಲ್ಯಕ್ಕೆ ಪರ್ಸೆಂಟೇಜ್ ಹಾಕಿ ದುಡ್ಡು ಕೊಡುವ ವ್ಯವಸ್ಥೆ ನಮ್ಮಲ್ಲಿದೆ. ಆದರೆ ಆ ವ್ಯಕ್ತಿ ತನ್ನ ಕೈಯಾರೆ ಊಟ ಮಾಡುವಂತಾಗಲು ಏನು ಬೇಕು ಎಂದು ಕೇಳುವ ವ್ಯವಸ್ಥೆ ಇಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುವ ವಿಜ್ಞಾನ ಮಾತ್ರ ಇದೆ.

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವವರಿಗೆ ಗುಂಡ್ಯ ಅಂದರೆ ಶಿರಾಡಿ ಘಾಟಿ ಹತ್ತುವ ಮುಂಚಿನ ಜಂಕ್ಷನ್. ಬಸ್ಸು ನಿಲ್ಲುತ್ತದೆ, ಚಾ ಕುಡಿಯುತ್ತಾರೆ, ಸುಬ್ರಹ್ಮಣ್ಯಕ್ಕೆ ಹೋಗುವವರು ಇಳಿಯುತ್ತಾರೆ. ಅಲ್ಲಿಂದ ಹೆದ್ದಾರಿಯಲ್ಲೇ ಹಿಂದಕ್ಕೆ ಬಂದು ಪೆರಿಯಶಾಂತಿಯಲ್ಲಿ ತಿರುಗಿದರೆ ಕೊಕ್ಕಡ. ರಾಜ್ಯದ ಮಟ್ಟಿಗೆ 'ಎಂಡೋಸಲ್ಫಾನ್' ಎಂಬ ಪದದ ಜೊತೆ ಅಂಟಿಕೊಂಡ ಊರು ಅದು.

ಹಿನ್ನೆಲೆ ಗೊತ್ತಿಲ್ಲದವರಿಗೆ ಚುಟುಕಾಗಿ: 1980ರ ದಶಕದಿಂದ 2000ದವರೆಗೆ ಸರ್ಕಾರಿ ಗೇರು ನಿಗಮದ ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಬೆಳ್ತಂಗಡಿ, ಪುತ್ತೂರು, ಸುಳ್ಯ, ಈಗಿನ ಕಡಬ ತಾಲೂಕುಗಳ ಹಳ್ಳಿಗಳಲ್ಲಿ ಬುದ್ಧಿಮಾಂದ್ಯತೆ, ಸೆರೆಬ್ರಲ್ ಪಾಲ್ಸಿಯಂಥ ಚಲನೆಯ ತೊಂದರೆ, ಅಪಸ್ಮಾರ, ದೃಷ್ಟಿದೋಷ ಹೊತ್ತ ಮಕ್ಕಳ ವಿಷಯ ನಿಧಾನಕ್ಕೆ ಹೊರಬಂತು. ಕೊಕ್ಕಡದ ಶ್ರೀಧರ ಗೌಡರಂಥವರು ವರ್ಷಗಟ್ಟಲೆ ಹೋರಾಡಿದರು. ಪರಿಹಾರ ಬಂತು. 2011ರ ಫೆಬ್ರವರಿಯಲ್ಲಿ ರಾಜ್ಯ, ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಜಿನೀವಾ ಸಭೆ, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಮೂರೂ ಕಡೆ ನಿಷೇಧ ಆಯಿತು. ಹೈಕೋರ್ಟ್ ಕಣ್ಣಿಟ್ಟ ಮೇಲೆ ಸರ್ವೇ ನಡೆದು, ದಕ್ಷಿಣ ಕನ್ನಡವೊಂದರಲ್ಲೇ ಮೂರು ಸಾವಿರಕ್ಕೂ ಹೆಚ್ಚು ಮಂದಿ ಪಟ್ಟಿಗೆ ಬಂದರು. ಕೊಕ್ಕಡ ಮತ್ತು ಕೊಯಿಲದಲ್ಲಿ ಡೇ ಕೇರ್ ಕೇಂದ್ರಗಳಾದವು. ಮಾಸಿಕ ಪಿಂಚಣಿ ಶುರುವಾಯಿತು: ಒಂದು ಹಂತದಲ್ಲಿ, ಶೇ. 60ಕ್ಕಿಂತ ಹೆಚ್ಚು ವೈಕಲ್ಯಕ್ಕೆ 3,000 ರೂಪಾಯಿ, ಅದಕ್ಕಿಂತ ಕಡಿಮೆಗೆ 1,500.

ಇದಿಷ್ಟೂ ಹೋರಾಟದ ಗೆಲುವು. ಯಾರೂ ಪುಕ್ಕಟೆ ಕೊಟ್ಟದ್ದಲ್ಲ. ಆದರೆ ಈ ಗೆಲುವಿನ ಭಾಷೆ ಗಮನಿಸಿ. ಶೇಕಡಾ ಎಷ್ಟು? ರೂಪಾಯಿ ಎಷ್ಟು? ವಿಷಕ್ಕೂ ವೈಕಲ್ಯಕ್ಕೂ ಎಷ್ಟು ನಂಟು ಎಂಬ ವಾದ ವಿಜ್ಞಾನಿಗಳ ನಡುವೆ ಇನ್ನೂ ನಡೆದೇ ಇದೆ, ನಡೀಲಿ. ಸರ್ಕಾರ ಇವರನ್ನು ಪಟ್ಟಿಗೆ ಸೇರಿಸಿ ಆಗಿದೆ. ಅಲ್ಲಿಂದ ಮುಂದಿನ ಪ್ರಶ್ನೆ ಬೇರೆ: ಇವತ್ತು ಬೆಳಗ್ಗೆ ಇವರ ಮನೆಯಲ್ಲಿ ಏನು ನಡೀತಿದೆ?

ಹೆಸರೇ ತಪ್ಪು ದಾರಿಗೆಳೆಯುತ್ತದೆ

ಆ ಪ್ರಶ್ನೆಯನ್ನೇ ಕಸುಬು ಮಾಡಿಕೊಂಡವರು ಆಕ್ಯುಪೇಷನಲ್ ಥೆರಪಿಸ್ಟ್‌ಗಳು. 'ಔದ್ಯೋಗಿಕ ಚಿಕಿತ್ಸೆ' ಎಂದು ಕನ್ನಡ ಮಾಡಿಬಿಟ್ಟರೆ ಕೆಲಸ ಕೊಡಿಸುವ ಇಲಾಖೆಯ ಹಾಗೆ ಕೇಳಿಸುತ್ತೆ. ಇಲ್ಲಿ 'ಆಕ್ಯುಪೇಷನ್' ಅಂದರೆ ಮನುಷ್ಯ ದಿನವಿಡೀ ಮಾಡುವ ಎಲ್ಲವೂ. ಹಲ್ಲುಜ್ಜೋದು, ಅಂಗಿ ಹಾಕಿಕೊಳ್ಳೋದು, ಗಂಜಿ ಉಣ್ಣೋದು, ಕಕ್ಕಸಿಗೆ ಹೋಗೋದು, ಅಂಗಳದಲ್ಲಿ ಅಡಿಕೆ ಹೆಕ್ಕೋದು, ಮದುವೆಮನೆಗೆ ಹೋಗಿ ನಾಲ್ಕು ಜನರ ನಡುವೆ ಕೂರೋದು.

ಫಿಸಿಯೋಥೆರಪಿಸ್ಟ್ ಸ್ನಾಯು, ಕೀಲು, ನಡಿಗೆಯ ಕಡೆ ನೋಡ್ತಾರೆ. ಆಕ್ಯುಪೇಷನಲ್ ಥೆರಪಿಸ್ಟ್ ಕೇಳೋದು, 'ಯಾವ ಕೆಲಸ ನಿಮಗೆ ಮುಖ್ಯ, ಎಲ್ಲಿ ತಡೀತಿದೆ?' ಅಂತ. ತಡೆ ಕೈಯಲ್ಲಿರಬಹುದು, ಚಮಚದ ಹಿಡಿಯಲ್ಲಿರಬಹುದು, ಬಚ್ಚಲಿನ ಹೊಸ್ತಿಲಲ್ಲಿರಬಹುದು. ಚಮಚದ ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿದರೆ ಒಬ್ಬ ಹುಡುಗ ತಾನೇ ಉಣ್ಣಬಲ್ಲ ಅಂದರೆ, ಅದೂ ಚಿಕಿತ್ಸೆಯೇ.

ಕೇಳೋಕೆ ಇಷ್ಟು ಸರಳ ಇರೋದರಿಂದಲೇ ಇದನ್ನು ಯಾರೂ ಗಂಭೀರವಾಗಿ ತಗೊಳ್ಳೋದಿಲ್ಲ. ಹಾಗಾಗಿ ಪುರಾವೆಯ ಮಾತಾಡಲೇಬೇಕು.

ಪುರಾವೆ ಏನು ಹೇಳುತ್ತೆ?

ಆಸ್ಟ್ರೇಲಿಯಾದ ಸಂಶೋಧಕಿಯರಾದ ಅಯೋನಾ ನೊವಾಕ್ ಮತ್ತು ಇಂಗ್ರಿಡ್ ಹೋನನ್ 2019ರಲ್ಲಿ ಮಕ್ಕಳ ಆಕ್ಯುಪೇಷನಲ್ ಥೆರಪಿ ಕುರಿತ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಸೋಸಿದರು. ಯಾವ ಸಮಸ್ಯೆಗೆ ಯಾವ ಥೆರಪಿ ಎಂಬ 135 ಜೋಡಿಗಳಿಗೆ ಟ್ರಾಫಿಕ್ ಸಿಗ್ನಲ್ ಬಣ್ಣ ಹಚ್ಚಿದರು. 40ಕ್ಕೆ ಹಸಿರು, ಅಂದರೆ ಮಾಡಿ. 75ಕ್ಕೆ ಹಳದಿ, ಬಹುಶಃ ಮಾಡಬಹುದು. 14ಕ್ಕೆ ಬಹುಶಃ ಬೇಡ. 6ಕ್ಕೆ ಕೆಂಪು, ಮಾಡಲೇಬೇಡಿ.

ತನ್ನದೇ ಕ್ಷೇತ್ರದಲ್ಲಿ ಕೆಲವಕ್ಕೆ 'ಬೇಡ' ಅನ್ನುವ ಧೈರ್ಯ ಇದೆಯಲ್ಲ, ಅದು ಮುಖ್ಯ. ಹಸಿರು ಸಿಕ್ಕಿದ್ದು ಯಾವುದಕ್ಕೆ? ಮಗುವಿಗೆ ಬೇಕಾದ ಕೆಲಸವನ್ನೇ ಗುರಿಯಾಗಿಟ್ಟು ಅದನ್ನೇ ಅಭ್ಯಾಸ ಮಾಡಿಸುವುದು, ಎರಡೂ ಕೈ ಸೇರಿಸಿ ಮಾಡುವ ಅಭ್ಯಾಸ, ಪೋಷಕರಿಗೆ ತರಬೇತಿ, ಮನೆಯಲ್ಲೇ ಮಾಡುವ ಕಾರ್ಯಕ್ರಮ, ಹುಣ್ಣಾಗದಂತೆ ಸರಿಯಾದ ಭಂಗಿಯಲ್ಲಿ ಕೂರಿಸುವುದು. ಇದಕ್ಕೂ ಮೊದಲು, 2013ರಲ್ಲಿ ಸೆರೆಬ್ರಲ್ ಪಾಲ್ಸಿ ಬಗ್ಗೆಯೇ ನೊವಾಕ್ ತಂಡ ನಡೆಸಿದ ಇಂಥದೇ ಪರಿಶೀಲನೆಯಲ್ಲಿ ಕೆಂಪು ಬಿದ್ದವುಗಳಲ್ಲಿ ಹೈಪರ್‌ಬಾರಿಕ್ ಆಕ್ಸಿಜನ್ ಕೂಡ ಇತ್ತು. ಥೆರಪಿಸ್ಟ್ ಕೈಯಿಂದ ಮಗುವಿನ ಮೈಯನ್ನು 'ಸರಿಯಾದ' ಚಲನೆಗೆ ಒಗ್ಗಿಸುವ ಹಳೆಯ ಪದ್ಧತಿಗೂ ಕೆಂಪೇ ಸಿಕ್ಕಿತು.

ದಿನಾ ಕೈಕಾಲು ಎಳೆದು ಬಿಡುವ ಸ್ಟ್ರೆಚಿಂಗ್ ಬಗ್ಗೆ 2017ರ ಕೊಕ್ರೇನ್ ವಿಮರ್ಶೆ 49 ಅಧ್ಯಯನ ನೋಡಿ, ಬಿಗಿದ ಕೀಲಿನ ಮೇಲೆ ಅದರ ಪರಿಣಾಮ ಲೆಕ್ಕಕ್ಕೆ ಬರುವಷ್ಟಿಲ್ಲ ಎಂದಿತು. ಏಳು ತಿಂಗಳಿಗಿಂತ ಹೆಚ್ಚು ಕಾಲ ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ಆ ಅಧ್ಯಯನಗಳಲ್ಲಿ ಉತ್ತರ ಇರಲಿಲ್ಲ. ನಮ್ಮ ಕಡೆ 'ಥೆರಪಿ' ಅಂದರೆ ಹೆಚ್ಚಿನ ಮನೆಗಳಿಗೆ ಗೊತ್ತಿರೋದು ಇದೊಂದೇ. ಯೋಚನೆ ಮಾಡಬೇಕಾದ ವಿಷಯ.

ಮಕ್ಕಳಿಗಷ್ಟೇ ಅಲ್ಲ. ಲಕ್ವ ಹೊಡೆದವರ ಮೇಲೆ ನಡೆದ 9 ಪ್ರಯೋಗಗಳನ್ನು, ಒಟ್ಟು 1,258 ಜನ, 2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಒಟ್ಟಾಗಿ ಪ್ರಕಟಿಸಿತು. ಆಕ್ಯುಪೇಷನಲ್ ಥೆರಪಿ ಪಡೆದ ಪ್ರತಿ 11 ಜನರಲ್ಲಿ ಒಬ್ಬರು ಸಾವು, ಇಳಿಕೆ ಅಥವಾ ಪರಾವಲಂಬನೆಯಿಂದ ಪಾರಾದರು. 2017ರ ಪರಿಷ್ಕೃತ ವಿಮರ್ಶೆಯೂ ಪ್ರಯೋಜನವಿದೆ ಎಂದಿತು, ಪುರಾವೆಯ ಗುಣಮಟ್ಟ ಕಡಿಮೆ ಎಂದೂ ಹೇಳಿತು. ಮರೆವಿನ ಕಾಯಿಲೆ ಇರುವ ಹಿರಿಯರ ವಿಷಯದಲ್ಲಿ ನೆದರ್‌ಲ್ಯಾಂಡ್ಸ್‌ನ 2006ರ ಪ್ರಯೋಗ ಗಟ್ಟಿಯಾಗಿದೆ: 135 ರೋಗಿಗಳು, ಅವರನ್ನು ನೋಡಿಕೊಳ್ಳುವ ಮನೆಯವರು, ಐದು ವಾರದಲ್ಲಿ ಮನೆಯಲ್ಲೇ 10 ಭೇಟಿ. ರೋಗಿಯ ದಿನನಿತ್ಯದ ಕೆಲಸ ಸುಧಾರಿಸಿತು, ನೋಡಿಕೊಳ್ಳುವವರಿಗೆ 'ನನ್ನಿಂದ ಆಗುತ್ತೆ' ಅನ್ನೋ ಧೈರ್ಯವೂ ಬಂತು. ಹನ್ನೆರಡು ವಾರದ ಹೊತ್ತಿಗೂ ಆ ಫಲ ಉಳಿದಿತ್ತು.

ಹಾಗಾದ್ರೆ ಅಮ್ಮನಿಗೇ ಕಲಿಸಿಬಿಟ್ರೆ ಆಯ್ತಲ್ಲ?

ಸರ್ಕಾರಗಳಿಗೆ ಬಹಳ ಇಷ್ಟವಾಗುವ ಪ್ರಶ್ನೆ ಇದು. ಖರ್ಚಿಲ್ಲ ನೋಡಿ. ಒಂದು ದಿನದ ಶಿಬಿರ, ಒಂದು ಕರಪತ್ರ, ಗುಂಪು ಫೋಟೋ.

ಎರಡು ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಒಂದು, 2009ರಲ್ಲಿ ನೊವಾಕ್ ತಂಡ 36 ಮಂದಿ ಸೆರೆಬ್ರಲ್ ಪಾಲ್ಸಿ ಮಕ್ಕಳ ಮೇಲೆ ಮಾಡಿದ ಪ್ರಯೋಗ. ಪೋಷಕರು ಮನೆಯಲ್ಲೇ, ತಿಂಗಳಿಗೆ ಸರಾಸರಿ 17.5 ಬಾರಿ, ಪ್ರತಿ ಸಲ 16.5 ನಿಮಿಷದಂತೆ ಅಭ್ಯಾಸ ಮಾಡಿಸಿದರು. ಎಂಟು ವಾರದಲ್ಲಿ ಮಕ್ಕಳ ಕೆಲಸದ ಸಾಮರ್ಥ್ಯ ಸ್ಪಷ್ಟವಾಗಿ ಏರಿತು.

ಎರಡು, ನಮ್ಮದೇ ದೇಶದ 'ಅಟೆಂಡ್' ಪ್ರಯೋಗ. 14 ಆಸ್ಪತ್ರೆಗಳು, ಲಕ್ವದ 1,250 ರೋಗಿಗಳು. ಮನೆಯವರಿಗೆ ತರಬೇತಿ ಕೊಟ್ಟು ಪುನರ್ವಸತಿಯ ಹೊಣೆ ಅವರಿಗೇ ಒಪ್ಪಿಸಲಾಯಿತು. 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಫಲಿತಾಂಶ ಬಂತು: ಆರು ತಿಂಗಳ ನಂತರ ಸತ್ತವರು ಅಥವಾ ಪರಾವಲಂಬಿಗಳಾದವರು ಎರಡೂ ಗುಂಪಿನಲ್ಲಿ ಶೇ. 47. ಒಂದಿಷ್ಟೂ ವ್ಯತ್ಯಾಸ ಇಲ್ಲ.

ಕಾಯಿಲೆ ಬೇರೆ, ವಯಸ್ಸು ಬೇರೆ, ಅಳೆದದ್ದೂ ಬೇರೆ. ಆದ್ದರಿಂದ ನೇರವಾಗಿ ಹೋಲಿಸಿ ತೀರ್ಪು ಕೊಡೋದು ಸರಿಯಲ್ಲ. ಆದರೂ ಒಂದು ಮಾತು ಹೇಳಬಹುದು. ಮೊದಲನೆಯದರಲ್ಲಿ ಗುರಿ ಆರಿಸಿದ್ದು ಆ ಮನೆಯವರು. ಥೆರಪಿಸ್ಟ್ ಅದಕ್ಕೆ ತಕ್ಕ ಅಭ್ಯಾಸ ರೂಪಿಸಿ, ಬೆನ್ನ ಹಿಂದೆ ನಿಂತು, ನಡುವೆ ಬದಲಿಸುತ್ತಾ ಹೋದರು. 'ಮನೆಯಲ್ಲಿ ಥೆರಪಿ' ಕೆಲಸ ಮಾಡಿದ್ದು ಪರಿಣತರು ಜೊತೆಗಿದ್ದಾಗ. ಕುಟುಂಬಕ್ಕೆ ಹೊರೆ ದಾಟಿಸಿ ಕೈ ತೊಳೆದುಕೊಳ್ಳೋದಕ್ಕೆ ವಿಜ್ಞಾನದ ಬೆಂಬಲ ಇಲ್ಲ.

ಈ ಭಾಗದ ಮನೆಗಳಲ್ಲಿ 'ಕುಟುಂಬ' ಅಂದರೆ ಯಾರು ಅಂತ ಬಿಡಿಸಿ ಹೇಳಬೇಕಾ? ಅಮ್ಮ. ಬೀಡಿ ಕಟ್ಟುತ್ತಾ, ಕೂಲಿಗೆ ಹೋಗುತ್ತಾ, ಮೂವತ್ತು ವರ್ಷದ ಮಗನನ್ನು ಎತ್ತಿ ಬಚ್ಚಲಿಗೆ ಒಯ್ಯುವವಳು. ಅವಳ ಬೆನ್ನು ಎಷ್ಟು ಹೋಗಿದೆ ಅನ್ನೋದಕ್ಕೆ ಯಾವ ಸರ್ಟಿಫಿಕೇಟ್‌ನಲ್ಲೂ ಕಾಲಂ ಇಲ್ಲ.

ಹದಿನೆಂಟು ದಾಟಿದವರು ಎಲ್ಲಿಗೆ ಹೋಗಬೇಕು?

ಇಲ್ಲಿ ಒಂದು ಸಣ್ಣ ಲೆಕ್ಕ ಇದೆ. ಸಿಂಪಡಣೆ ನಿಂತದ್ದು 2000ದ ಹೊತ್ತಿಗೆ. ಅಂದರೆ ಆ ಕಾಲದಲ್ಲಿ ಹುಟ್ಟಿದ 'ಎಂಡೋ ಮಕ್ಕಳು' ಈಗ ಮಕ್ಕಳಲ್ಲ. ಇಪ್ಪತ್ತೈದು, ಮೂವತ್ತು, ನಲವತ್ತರ ವಯಸ್ಸಿನವರು. ಆದರೆ ನಮ್ಮ ಥೆರಪಿ ವ್ಯವಸ್ಥೆ ಕಟ್ಟಿರೋದು ಮಕ್ಕಳಿಗೆ. ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿ ಜಿಲ್ಲಾ ಮಟ್ಟದಲ್ಲಿರುವ ಡಿಇಐಸಿ ಕೇಂದ್ರಗಳು 18 ವರ್ಷದವರೆಗೆ. ಶಾಲಾ ಶಿಕ್ಷಣದ ಹಕ್ಕೂ 18ರವರೆಗೆ. ಆಮೇಲೆ? ಪಿಂಚಣಿ ಮತ್ತು ಮನೆಯ ಮೂಲೆ.

ಡೇ ಕೇರ್ ಇದೆ ಅನ್ನಬಹುದು. ಇದೆ, ಮತ್ತು ಅದರಿಂದ ಹಗಲು ಒಂದಿಷ್ಟು ಹೊತ್ತು ಅಮ್ಮಂದಿರಿಗೆ ಬಿಡುವು ಸಿಗುತ್ತೆ, ಅದು ಸಣ್ಣ ವಿಷಯ ಅಲ್ಲ. ಆದರೆ ಗುಂಡ್ಯ, ಶಿರಾಡಿ ಕಡೆಯ ಗುಡ್ಡದ ಮನೆಯಿಂದ, ವಾಹನ ಬರುವ ರಸ್ತೆಯವರೆಗೆ ಆಳನ್ನು ಹೊತ್ತು ತರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೇಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಮಂಗಳೂರು ಇಲ್ಲಿಂದ ಎಂಬತ್ತು ಕಿಲೋಮೀಟರ್ ಆಸುಪಾಸು. ಮಂಗಳೂರು, ಮಣಿಪಾಲದ ಆಸ್ಪತ್ರೆಗೆ ವಾರಕ್ಕೆರಡು ಸಲ ಹೋಗಿಬರೋದು ಕೂಲಿ ಬಿಟ್ಟು ಆಗುವ ಮಾತಲ್ಲ. ಹಾಗಾಗಿ ಮೇಲಿನ ಎಲ್ಲ ಪುರಾವೆಯಲ್ಲಿ ನಮಗೆ ಅತಿ ಮುಖ್ಯವಾದದ್ದು 'ಮನೆಯಲ್ಲೇ' ಎಂಬ ಪದ.

ಗಡಿಯಾಚೆ ಕಾಸರಗೋಡಿನಲ್ಲಿ, ಕನ್ನಡದವರೇ ಇರುವ ಎಣ್ಮಕಜೆಯ ಪಡ್ರೆಯಂಥ ಊರುಗಳಲ್ಲಿ ಇದೇ ವಿಷ, ಇದೇ ಕಥೆ. ಅಲ್ಲಿ ಎಲ್ಲ ಸರಿಯಾಗಿದೆ ಅಂತಲ್ಲ. ತಲಾ ಐದು ಲಕ್ಷ ಪರಿಹಾರ ಕೊಡಿ ಎಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳಕ್ಕೆ ಆದೇಶಿಸಿದ ಮೇಲೂ ಜನ ಬೀದಿಗಿಳಿಯಬೇಕಾಯಿತು. ಆದರೂ ಕೇರಳದಲ್ಲಿ ಸ್ಥಳೀಯ ಸಂಸ್ಥೆಗಳ 'ಬಡ್ಸ್' ಶಾಲೆಗಳ ಜೊತೆಗೆ 18 ದಾಟಿದವರಿಗಾಗಿಯೇ ಬಡ್ಸ್ ಪುನರ್ವಸತಿ ಕೇಂದ್ರಗಳೆಂಬ ಪ್ರತ್ಯೇಕ ವ್ಯವಸ್ಥೆ ಇದೆ. ವಯಸ್ಕರಿಗೂ ದಿನವೊಂದು ಬೇಕು, ಕೆಲಸವೊಂದು ಬೇಕು ಎಂಬ ಒಪ್ಪಿಗೆಯಾದರೂ ಅಲ್ಲಿದೆ.

ಇರೋ ಜನರಿಂದಲೇ ಶುರು ಮಾಡಬಹುದು

ಊರಿಗೊಬ್ಬ ಆಕ್ಯುಪೇಷನಲ್ ಥೆರಪಿಸ್ಟ್ ಬರಲಿ ಅಂತ ಕೇಳಿದರೆ ನಗುತ್ತಾರೆ. ಅಷ್ಟು ಜನ ಇಲ್ಲ. ಆದರೆ ತಾಲೂಕಿಗೊಬ್ಬರು? ಮಣಿಪಾಲದಲ್ಲಿ ಈ ಕೋರ್ಸ್ ನಡೆಯುತ್ತಿದೆ. 2021ರ ಕಾಯ್ದೆಯಡಿ ಈ ವೃತ್ತಿಗೆ ರಾಷ್ಟ್ರೀಯ ಆಯೋಗದ ಮಾನ್ಯತೆಯೂ ಇದೆ. ಜೊತೆಗೆ ಕರ್ನಾಟಕದಲ್ಲಿ ಒಂದು ಅನುಕೂಲ ಇದೆ: ಗ್ರಾಮ ಪಂಚಾಯತ್ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಇವರಲ್ಲಿ ಹೆಚ್ಚಿನವರು ತಾವೇ ಅಂಗವಿಕಲರು, ಗೌರವಧನದಲ್ಲಿ ದುಡಿಯುವವರು. ಹೆಸರಿನಲ್ಲಿ 'ಪುನರ್ವಸತಿ' ಇದ್ದರೂ ಇವರ ದಿನ ಹೋಗೋದು ಯುಡಿಐಡಿ ಕಾರ್ಡ್, ಪಿಂಚಣಿ ಅರ್ಜಿಗಳಲ್ಲೇ.

ಪರಿಣತರ ಉಸ್ತುವಾರಿಯಲ್ಲಿ ಊರಿನವರೇ ಇಂಥ ಕೆಲಸ ಮಾಡಬಲ್ಲರಾ? ಸ್ಕಿಜೋಫ್ರೇನಿಯಾ ಇರುವ 282 ಜನರ ಮೇಲೆ ಭಾರತದ ಮೂರು ಕಡೆ ನಡೆದ 'ಕಾಪ್ಸಿ' ಪ್ರಯೋಗ, 2014ರಲ್ಲಿ ಪ್ರಕಟವಾದದ್ದು, ಇದಕ್ಕೆ ಒಂದು ಉತ್ತರ. ಆಸ್ಪತ್ರೆಯ ಚಿಕಿತ್ಸೆಗೆ ತರಬೇತಾದ ಸಾಮಾನ್ಯ ಕಾರ್ಯಕರ್ತರ ಮನೆಭೇಟಿ ಸೇರಿಸಿದಾಗ ರೋಗಿಗಳ ಸ್ಥಿತಿ ಸ್ವಲ್ಪ ಮಟ್ಟಿಗೆ ಸುಧಾರಿಸಿತು. ಪವಾಡವೇನಲ್ಲ. ಆದರೆ ದಾರಿ ಇದೆ ಅಂತ ತೋರಿಸಿತು.

ಹಣ? ಗ್ರಾಮ ಪಂಚಾಯತ್‌ಗಳು ತಮ್ಮ ನಿಧಿಯ ಶೇ. 5ನ್ನು ಅಂಗವಿಕಲರಿಗೆ ಖರ್ಚು ಮಾಡಬೇಕೆಂಬ ನಿಯಮ ಇದೆ. ಬಚ್ಚಲಿಗೆ ಹಿಡಿಕೆ, ಕೂರಲು ತಕ್ಕ ಕುರ್ಚಿ, ಅಂಗಳಕ್ಕೆ ಇಳಿಜಾರು, ಇದೆಲ್ಲ ಅದರೊಳಗೇ ಆಗುವ ಕೆಲಸ. ಯಾವ ಮನೆಗೆ ಯಾವುದು ಬೇಕು ಅಂತ ಹೇಳೋಕೆ ಒಬ್ಬರು ಬೇಕು, ಅಷ್ಟೇ. ಇನ್ನು 2016ರ ಅಂಗವಿಕಲರ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪುನರ್ವಸತಿ ಸೇವೆಯನ್ನು ಸರ್ಕಾರದ ಮತ್ತು ಸ್ಥಳೀಯ ಸಂಸ್ಥೆಗಳ ಹೊಣೆ ಅನ್ನುತ್ತದೆ. 'ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ' ಎಂಬ ಬಾಲವನ್ನೂ ಸೇರಿಸುತ್ತದೆ. ಆ ಬಾಲ ಹಿಡಿದೇ ಎಲ್ಲರೂ ತಪ್ಪಿಸಿಕೊಳ್ಳೋದು.

ಒಂದು ಎಚ್ಚರವೂ ಬೇಕು. ಮೇಲೆ ಹೇಳಿದ ಮಕ್ಕಳ ಪುರಾವೆ ಹೆಚ್ಚಾಗಿ ಶ್ರೀಮಂತ ದೇಶಗಳದ್ದು. ಘಟ್ಟದ ಬುಡದ ಮೂವತ್ತೈದರ ಹರೆಯದವರಿಗೆ ಅದು ಎಷ್ಟು ಹೊಂದುತ್ತೆ ಅನ್ನೋದನ್ನು ಮಾಡಿ, ಅಳೆದೇ ತಿಳೀಬೇಕು. ಅಳೆಯೋ ಸಾಧನ ಕಷ್ಟದ್ದಲ್ಲ. ಈ ಕ್ಷೇತ್ರದಲ್ಲಿ ಬಳಸುವ ಕೆನಡಾ ಮೂಲದ ಒಂದು ಅಳತೆಯಲ್ಲಿ ವ್ಯಕ್ತಿಯನ್ನು, ಅವರಿಗೆ ಮಾತು ಬರದಿದ್ದರೆ ಮನೆಯವರನ್ನು ಕೇಳ್ತಾರೆ: ನಿಮಗೆ ಮುಖ್ಯವಾದ ಕೆಲಸಗಳು ಯಾವುವು? ಹತ್ತರಲ್ಲಿ ಎಷ್ಟು ಚೆನ್ನಾಗಿ ಮಾಡ್ತೀರಿ? ಎಷ್ಟು ತೃಪ್ತಿ? ಕೆಲವು ತಿಂಗಳ ನಂತರ ಅದನ್ನೇ ಮತ್ತೆ ಕೇಳ್ತಾರೆ.

ಕಡಬ ತಾಲೂಕಿನ ಪಟ್ಟಿಯಲ್ಲಿರುವ ಪ್ರತಿ ಮನೆಯಲ್ಲೂ ಒಂದು ಸಲ ಈ ಪ್ರಶ್ನೆ ಕೇಳಲಿ. ಇಷ್ಟು ವರ್ಷದಲ್ಲಿ ಈ ಮನೆಗಳಿಗೆ ಸರ್ವೇಯವರು, ಡಾಕ್ಟರು, ಟಿವಿಯವರು, ಮಂತ್ರಿಗಳು ಬಂದು ಹೋಗಿದ್ದಾರೆ. ಹತ್ತಿರದಲ್ಲೇ ಇರುವ ಯುವಕರು, ವಿದ್ಯಾರ್ಥಿ ಸಂಘಟನೆಗಳು ಮುಂದಿನ ಗ್ರಾಮಸಭೆಯಲ್ಲಿ ಎರಡು ವಿಷಯ ಎತ್ತಬಹುದು. ನಮ್ಮ ಪಂಚಾಯತ್‌ನ ಶೇ. 5 ಹೋದ ವರ್ಷ ಎಲ್ಲಿ ಖರ್ಚಾಯಿತು? ತಾಲೂಕಿಗೊಬ್ಬ ಆಕ್ಯುಪೇಷನಲ್ ಥೆರಪಿಸ್ಟ್ ಬೇಕು ಅಂತ ನಿರ್ಣಯ ಮಾಡಿ ಜಿಲ್ಲಾ ಪಂಚಾಯತ್‌ಗೆ ಕಳಿಸೋದು ಯಾವಾಗ? ಉತ್ತರ ಬರೋವರೆಗೂ ಪ್ರತಿ ಗ್ರಾಮಸಭೆಯಲ್ಲೂ ಇದನ್ನೇ ಕೇಳುತ್ತಿರಬೇಕು.