ಸ್ಥೈರ್ಯದ ಸಚಿವಾಲಯ

ಎರಡನೇ ಮಹಾಯುದ್ಧ ಘೋಷಣೆಯಾದ ಮರುದಿನ, 1939ರ ಸೆಪ್ಟೆಂಬರ್ 4ರಂದು, ಬ್ರಿಟನ್ನಿನಲ್ಲಿ ಮಾಹಿತಿ ಸಚಿವಾಲಯ ಅಸ್ತಿತ್ವಕ್ಕೆ ಬಂತು. ಲಂಡನ್ ವಿಶ್ವವಿದ್ಯಾಲಯದ ಸೆನೆಟ್ ಹೌಸ್ ಅದರ ಕಚೇರಿಯಾಯಿತು. ಸುದ್ದಿ ಕೊಡುವುದು, ಕೊಡಬಾರದ ಸುದ್ದಿಯನ್ನು ತಡೆಯುವುದು, ಜನರ ಧೈರ್ಯ ಕುಂದದಂತೆ ನೋಡಿಕೊಳ್ಳುವುದು, ಹೊರದೇಶಗಳಲ್ಲಿ ಬ್ರಿಟನ್ ಪರ ಪ್ರಚಾರ ನಡೆಸುವುದು, ಇಷ್ಟೂ ಒಂದೇ ಸಚಿವಾಲಯದ ಹೆಗಲಿಗೆ ಬಿತ್ತು. ಯುದ್ಧಕಾಲದಲ್ಲಿ ಸರ್ಕಾರವೊಂದು ಪ್ರಜೆಗಳ ಸ್ಥೈರ್ಯ ಕಾಯಲು ಏನೆಲ್ಲ ಮಾಡುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಇಷ್ಟು ವಿವರವಾಗಿ ತೋರಿಸುವ ದಾಖಲೆಗಳು ಬೇರೆಡೆ ಸಿಗುವುದು ಕಡಿಮೆ.

ಆರಂಭದಲ್ಲಿ ಎಲ್ಲವನ್ನೂ ಆಳುತ್ತಿದ್ದುದು ಭಯ. ಜರ್ಮನ್ ವಿಮಾನಗಳು ದಾಳಿಗಿಳಿದರೆ 60 ದಿನಗಳಲ್ಲಿ 6 ಲಕ್ಷ ಜನ ಸಾಯಬಹುದೆಂದು ಯುದ್ಧಕ್ಕೆ ಮುಂಚಿನ ಅಧಿಕೃತ ಅಂದಾಜು ಹೇಳಿತ್ತು. ಜನ ದಿಕ್ಕೆಟ್ಟು ಓಡುತ್ತಾರೆ, ಶಾಂತಿಗಾಗಿ ಸರ್ಕಾರವನ್ನೇ ಪೀಡಿಸುತ್ತಾರೆ ಎಂಬ ಎಣಿಕೆಯಲ್ಲೇ ಪೋಸ್ಟರುಗಳು ಸಿದ್ಧವಾದವು. ಕೆಂಪು ಹಿನ್ನೆಲೆ, ಮೇಲೆ ರಾಜಮುಕುಟ, ಕೆಳಗೆ ದಪ್ಪಕ್ಷರ: ನಿಮ್ಮ ಧೈರ್ಯ, ನಿಮ್ಮ ಗೆಲುವಿನ ಮುಖ, ನಿಮ್ಮ ಸಂಕಲ್ಪ ನಮಗೆ ಜಯ ತಂದುಕೊಡುತ್ತದೆ. ಕಷ್ಟಪಡುವವರು ‘ನೀವು’, ಗೆಲ್ಲುವವರು ‘ನಾವು’ ಎಂದು ಓದುವಂತಿದ್ದ ಈ ಮಾತು ಜನರಿಗೆ ರುಚಿಸಲಿಲ್ಲ. ಇದೇ ಸರಣಿಯ ಮೂರನೆಯ ಪೋಸ್ಟರ್, ಶಾಂತವಾಗಿದ್ದು ಕೆಲಸ ಮುಂದುವರಿಸಿ ಎನ್ನುವುದು, ಇಂದು ಜಗತ್ತಿನೆಲ್ಲೆಡೆ ಕಾಫಿ ಲೋಟಗಳ ಮೇಲೆ ಕಾಣುತ್ತದೆ. ಆಗ ಅದರ 24 ಲಕ್ಷಕ್ಕೂ ಹೆಚ್ಚು ಪ್ರತಿಗಳು ಅಚ್ಚಾಗಿದ್ದರೂ ಬಹುಪಾಲು ಗೋದಾಮಿನಲ್ಲೇ ಉಳಿದವು. 1940ರಲ್ಲಿ ಅವನ್ನು ಮತ್ತೆ ಕಾಗದದ ಗಿರಣಿಗೆ ಕಳುಹಿಸಲಾಯಿತು. ಬ್ರಿಟನ್ನಿನ ಯುದ್ಧಕಾಲದ ಧೈರ್ಯಕ್ಕೆ ಗುರುತಾಗಿ ಇಂದು ತೋರಿಸುವ ಪೋಸ್ಟರನ್ನು ಆ ಕಾಲದ ಜನ ಹೆಚ್ಚುಕಡಿಮೆ ನೋಡಿಯೇ ಇರಲಿಲ್ಲ.

ಎರಡನೇ ಎಡವಟ್ಟು 1940ರ ಜುಲೈನದು. ಫ್ರಾನ್ಸ್ ಬಿದ್ದಿತ್ತು. ಗಾಳಿಸುದ್ದಿ ಹಬ್ಬಿಸುವವರ, ಸೋಲಿನ ಮಾತಾಡುವವರ ಬಾಯಿ ಮುಚ್ಚಿಸಲು ‘ಮೌನ ಪಡೆ’ ಎಂಬ ಚಳವಳಿಯನ್ನು ಸಚಿವಾಲಯ ಶುರುಮಾಡಿತು. ಪಬ್ಬಿನಲ್ಲಿ ಗೊಣಗಿದವರ ಮೇಲೂ ಮೊಕದ್ದಮೆ ಬೀಳತೊಡಗಿದಾಗ ಜನ ರೊಚ್ಚಿಗೆದ್ದರು. ಮಾತಿನ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದೇವೆ ಎನ್ನುವ ಸರ್ಕಾರವೇ ಮಾತಿಗೆ ಶಿಕ್ಷೆ ಕೊಡುವುದನ್ನು ಒಪ್ಪಲು ಯಾರೂ ತಯಾರಿರಲಿಲ್ಲ. ಕೆಲವೇ ವಾರಗಳಲ್ಲಿ ಪ್ರಧಾನಿ ಚರ್ಚಿಲ್ ಅದನ್ನು ಕೈಬಿಟ್ಟರು. ಅದೇ ವರ್ಷ, ಮಾತು ಶತ್ರುವಿನ ಕಿವಿಗೆ ಬೀಳದಿರಲಿ ಎಂದು ವ್ಯಂಗ್ಯಚಿತ್ರಕಾರ ಫೂಗಾಸ್ ಬರೆದ ಪೋಸ್ಟರುಗಳನ್ನು ಜನ ನಕ್ಕು ಒಪ್ಪಿಕೊಂಡರು. ಒಂದರಲ್ಲಿ ಇಬ್ಬರು ಹೆಂಗಸರು ಹರಟುತ್ತ ಪ್ರಯಾಣಿಸುತ್ತಿದ್ದಾರೆ, ಹಿಂದಿನ ಸೀಟಿನಲ್ಲಿ ಹಿಟ್ಲರ್ ಮತ್ತು ಗೋರಿಂಗ್ ಕಿವಿಗೊಟ್ಟು ಕೂತಿದ್ದಾರೆ. ಗದರಿಕೆ ಮಾಡಲಾಗದ ಕೆಲಸವನ್ನು ಈ ಚಿತ್ರ ಮಾಡಿತು.

ಸಚಿವಾಲಯ ಮಾಡಿದ ಅತ್ಯಂತ ಬುದ್ಧಿವಂತ ಕೆಲಸ ಮಾತಾಡಿದ್ದಲ್ಲ, ಕೇಳಿಸಿಕೊಂಡದ್ದು. ಮೇರಿ ಆಡಮ್ಸ್ ಅವರ ನೇತೃತ್ವದಲ್ಲಿ ಅಲ್ಲಿ ಜನಾಭಿಪ್ರಾಯ ಸಂಗ್ರಹದ ವಿಭಾಗವೊಂದಿತ್ತು. 1940ರ ಮೇ ತಿಂಗಳಿಂದ ಅದು ಮೊದಲು ದಿನಕ್ಕೊಂದು, ಆಮೇಲೆ ವಾರಕ್ಕೊಂದು ವರದಿ ಕೊಡುತ್ತ ಬಂತು. ಪ್ರಾಂತೀಯ ಅಧಿಕಾರಿಗಳು, ಪುಸ್ತಕದಂಗಡಿಗಳ ಮ್ಯಾನೇಜರುಗಳು, ಅಂಚೆ ಸೆನ್ಸಾರ್, ಬಿಬಿಸಿಯ ಶ್ರೋತೃ ಸಮೀಕ್ಷೆ, ಜನಸಾಮಾನ್ಯರ ದಿನಚರಿಗಳನ್ನು ಸಂಗ್ರಹಿಸುತ್ತಿದ್ದ ಮಾಸ್ ಅಬ್ಸರ್ವೇಶನ್ ಸಂಸ್ಥೆ, ಇವೆಲ್ಲ ಅದರ ಮೂಲಗಳು. ಸಚಿವ ಡಫ್ ಕೂಪರ್ ಜನರ ಮೇಲೆ ಗೂಢಚಾರಿಕೆ ನಡೆಸುತ್ತಿದ್ದಾರೆಂದು ಪತ್ರಿಕೆಗಳು ಹರಿಹಾಯ್ದವು. ಆ ಅನುಮಾನಕ್ಕೆ ಕಾರಣ ಇಲ್ಲದಿರಲಿಲ್ಲ. ಆದರೆ ಆ ವರದಿಗಳಲ್ಲಿದ್ದ ಸತ್ಯ ಅಧಿಕಾರಿಗಳ ಕಣ್ಣು ತೆರೆಸಿತು.

ಕೆಟ್ಟ ಸುದ್ದಿಗಿಂತ ಮುಚ್ಚಿಟ್ಟ ಸುದ್ದಿಯೇ ಜನರನ್ನು ಹೆಚ್ಚು ಕಂಗೆಡಿಸುತ್ತದೆ ಎಂಬುದು ಅವುಗಳಿಂದ ಗೊತ್ತಾಯಿತು. ಹಲ್ ನಗರದ ಉದಾಹರಣೆ ನೋಡಬಹುದು. 1941ರ ಮೇ ತಿಂಗಳಲ್ಲಿ ಆ ಬಂದರು ನಗರ ಭಾರೀ ದಾಳಿಗೆ ತುತ್ತಾಯಿತು. ಶತ್ರುವಿಗೆ ಗುರಿ ತಾಗಿದ್ದು ತಿಳಿಯಬಾರದೆಂದು ಸುದ್ದಿಯಲ್ಲಿ ‘ಈಶಾನ್ಯ ಕರಾವಳಿಯ ಒಂದು ಪಟ್ಟಣ’ ಎಂದಷ್ಟೇ ಬರುತ್ತಿತ್ತು. ಲಂಡನ್ನಿನ ಹೆಸರು ಮಾತ್ರ ದಿನವೂ ಕೇಳುತ್ತಿತ್ತು. ಮನೆ ಕಳೆದುಕೊಂಡವರಿಗೆ ತಮ್ಮ ಊರಿನ ಹೆಸರನ್ನೂ ರೇಡಿಯೊ ಹೇಳುವುದಿಲ್ಲವಲ್ಲ ಎಂಬ ನೋವು ಉಳಿಯಿತು, ಆ ಅಸಮಾಧಾನ ಹಲ್‌ನಲ್ಲಿ ಯುದ್ಧ ಮುಗಿದ ಮೇಲೂ ಹೋಗಲಿಲ್ಲ. ಅದಕ್ಕೂ ಮುಂಚೆ 1940ರ ನವೆಂಬರ್ 14ರ ರಾತ್ರಿ ಬಾಂಬ್ ದಾಳಿಗೆ ಕವೆಂಟ್ರಿ ನಗರ ಉರಿದಾಗ ಅದರ ಹೆಸರನ್ನು ಬೇಗನೆ ಪ್ರಕಟಿಸಲಾಗಿತ್ತು. ಅಲ್ಲಿ ಮರುದಿನ ಜನ ಬೀದಿಯಲ್ಲಿ ಅತ್ತರು, ಕುಸಿದರು, ಊರು ಬಿಟ್ಟು ಹಳ್ಳಿಗಳಿಗೆ ಹೋದರು. ಕೆಲವು ವಾರಗಳಲ್ಲಿ ಕಾರ್ಖಾನೆಗಳಿಗೆ ಮರಳಿದರು.

1941ರ ಅಕ್ಟೋಬರ್‌ನಲ್ಲಿ ಜನಾಭಿಪ್ರಾಯ ವಿಭಾಗದ ಸ್ಟೀಫನ್ ಟೇಲರ್ ಒಂದು ಟಿಪ್ಪಣಿ ಬರೆದರು. ಜನರ ಸ್ಥೈರ್ಯವನ್ನು ಅವರ ಮಾತಿನಿಂದಲ್ಲ, ನಡೆಯಿಂದ ಅಳೆಯಬೇಕು ಎಂದು ಅದು ಹೇಳಿತು. ಊಟ, ಬೆಚ್ಚಗಿನ ಮನೆ, ಕೆಲಸ, ವಿಶ್ರಾಂತಿ, ನಿದ್ದೆ, ಮನೆಮಂದಿಯ ಸುರಕ್ಷತೆ ಮೊದಲಾದವು ಒಂದು ಕಡೆ. ಗೆಲುವು ಸಾಧ್ಯ, ಯುದ್ಧ ನ್ಯಾಯದ್ದು, ನಾಯಕರು ಸಮರ್ಥರು ಮತ್ತು ಪ್ರಾಮಾಣಿಕರು, ತ್ಯಾಗದಲ್ಲಿ ಎಲ್ಲರಿಗೂ ಸಮಪಾಲಿದೆ ಎಂಬ ನಂಬಿಕೆಗಳು ಇನ್ನೊಂದು ಕಡೆ. ಪ್ರಚಾರ ತಜ್ಞರ ಕಚೇರಿಯಿಂದಲೇ ಹೊರಟ ಈ ಪಟ್ಟಿಯಲ್ಲಿ ಘೋಷಣೆಗೆ ಜಾಗವಿಲ್ಲ. 1940ರ ಜನವರಿಯಲ್ಲಿ ಸಕ್ಕರೆ, ಬೆಣ್ಣೆ, ಬೇಕನ್‌ಗಳಿಂದ ಆರಂಭವಾದ ಪಡಿತರ ವ್ಯವಸ್ಥೆಯನ್ನು ಜನ ಸಹಿಸಿಕೊಂಡದ್ದು ಅದು ಎಲ್ಲರಿಗೂ ಒಂದೇ ಎಂಬ ಕಾರಣಕ್ಕೆ. ಆಹಾರ ಸಚಿವ ವೂಲ್ಟನ್ ಅವರ ಇಲಾಖೆ ರೇಡಿಯೊದಲ್ಲಿ ಬೆಳಗಿನ ಸುದ್ದಿಯ ನಂತರ ಅಡುಗೆ ಸಲಹೆ ಕೊಡುತ್ತಿತ್ತು. ಇದ್ದುದರಲ್ಲಿ ಏನು ಬೇಯಿಸಬಹುದೆಂದು ಹೇಳುವ ಆ ಕೆಲವು ನಿಮಿಷಗಳು ಅಡುಗೆಮನೆಯಲ್ಲಿದ್ದವರಿಗೆ ನಿಜಕ್ಕೂ ಉಪಯೋಗಕ್ಕೆ ಬಂದವು.

ಜರ್ಮನಿಯ ದಾರಿ ಬೇರೆ. ಅಲ್ಲಿ ವಿದೇಶಿ ರೇಡಿಯೊ ಕೇಳುವುದು ಯುದ್ಧದ ಮೊದಲ ದಿನದಿಂದಲೇ ಅಪರಾಧ. 1941ರ ಅಕ್ಟೋಬರ್‌ನಲ್ಲಿ ಪತ್ರಿಕಾ ಮುಖ್ಯಸ್ಥ ಒಟ್ಟೊ ಡೀಟ್ರಿಚ್ ರಷ್ಯಾದ ಯುದ್ಧ ಗೆದ್ದಂತೆಯೇ ಎಂದು ಸಾರಿದ. ಎರಡು ತಿಂಗಳಲ್ಲಿ ಸೈನ್ಯ ಮಾಸ್ಕೋ ಬಾಗಿಲಲ್ಲಿ ಹಿಮದಲ್ಲಿ ಸಿಕ್ಕಿಕೊಂಡಿತ್ತು. ಸ್ಟಾಲಿನ್‌ಗ್ರಾಡ್‌ನಲ್ಲಿ ಸೋತ ಮೇಲೆ, 1943ರ ಫೆಬ್ರವರಿ 18ರಂದು, ಪ್ರಚಾರ ಸಚಿವ ಗೋಬೆಲ್ಸ್ ಬರ್ಲಿನ್ನಿನ ಸ್ಪೋರ್ಟ್‌ಪಲಾಸ್ಟ್‌ನಲ್ಲಿ ಆಯ್ದ ಸಭಿಕರ ಮುಂದೆ ಸಮಗ್ರ ಯುದ್ಧ ಬೇಕೇ ಎಂದು ಕೇಳಿ ಚಪ್ಪಾಳೆ ಗಿಟ್ಟಿಸಿದ. ಜನರ ಮನಸ್ಸನ್ನು ತಿಳಿಯಲು ನಾಜಿಗಳಿಗೂ ಗುಪ್ತ ವರದಿಗಳ ಜಾಲವಿತ್ತು. ವರದಿಗಳು ಕಹಿಯಾದಂತೆ ಅವನ್ನು ಓದುವವರ ಪಟ್ಟಿಯನ್ನೇ ಕಿರಿದುಗೊಳಿಸಿದರು.

ಹಾಗೆಂದು ಬ್ರಿಟನ್ ಎಲ್ಲವನ್ನೂ ಹೇಳಿತೆಂದು ಭಾವಿಸಬಾರದು. 1940ರ ಜೂನ್ 17ರಂದು ಫ್ರಾನ್ಸ್ ತೀರದಲ್ಲಿ ಲಂಕಾಸ್ಟ್ರಿಯಾ ಹಡಗು ಮುಳುಗಿ ಕನಿಷ್ಠ 3,000 ಜನ ಸತ್ತ ಸುದ್ದಿಯನ್ನು ಚರ್ಚಿಲ್ ತಡೆದರು. ಅಮೆರಿಕದ ಪತ್ರಿಕೆಯಲ್ಲಿ ಬಂದ ಮೇಲಷ್ಟೇ ಅದು ತಾಯ್ನಾಡಿಗೆ ತಿಳಿಯಿತು. 1943ರ ಮಾರ್ಚ್‌ನಲ್ಲಿ ಲಂಡನ್ನಿನ ಬೆತ್ನಲ್ ಗ್ರೀನ್ ಸುರಂಗ ನಿಲ್ದಾಣದ ಮೆಟ್ಟಿಲುಗಳ ಮೇಲೆ ನೂಕುನುಗ್ಗಲಾಗಿ 173 ಜನ ಸತ್ತರು. ಅಲ್ಲಿ ಒಂದು ಬಾಂಬೂ ಬಿದ್ದಿರಲಿಲ್ಲ. ಅದರ ವಿಚಾರಣಾ ವರದಿ ಹೊರಬಂದದ್ದು 1945ರಲ್ಲಿ.

ವಸಾಹತುಗಳ ವಿಷಯದಲ್ಲಂತೂ ಸತ್ಯ ಹೇಳುವ ಪಾಠ ಅನ್ವಯವಾಗಲೇ ಇಲ್ಲ. ಬಿಬಿಸಿಯ ಪೌರ್ವಾತ್ಯ ವಿಭಾಗದಿಂದ ಜಾರ್ಜ್ ಆರ್ವೆಲ್ ಭಾರತಕ್ಕೆ ಸುದ್ದಿ ವಿಮರ್ಶೆಗಳನ್ನು ಬರೆಯುತ್ತಿದ್ದ ಕಾಲದಲ್ಲೇ, 1942ರ ಆಗಸ್ಟ್‌ನಲ್ಲಿ, ಇಲ್ಲಿ ಗಾಂಧೀಜಿಯವರ ಬಂಧನವಾಯಿತು, ‘ಹರಿಜನ’ ಪತ್ರಿಕೆ ನಿಂತುಹೋಯಿತು. ಮರುವರ್ಷ ಬಂಗಾಳದಲ್ಲಿ ಜನ ಹಸಿವಿನಿಂದ ಸಾಯತೊಡಗಿದಾಗ ಸರ್ಕಾರ ಅದನ್ನು ಕ್ಷಾಮವೆಂದು ಘೋಷಿಸಲಿಲ್ಲ. ಯುದ್ಧಕಾಲದ ನಿರ್ಬಂಧಗಳು ಪತ್ರಿಕೆಗಳ ಕೈ ಕಟ್ಟಿದ್ದವು. ಚಿತ್ರಗಳ ಬಗ್ಗೆ ನಿಯಮ ಏನೂ ಹೇಳದಿದ್ದುದನ್ನು ಗಮನಿಸಿದ ಕಲ್ಕತ್ತೆಯ ‘ಸ್ಟೇಟ್ಸ್‌ಮನ್’ ಸಂಪಾದಕ ಇಯಾನ್ ಸ್ಟೀಫನ್ಸ್ 1943ರ ಆಗಸ್ಟ್ 22ರಂದು ಹಸಿದವರ ಫೋಟೊಗಳನ್ನೇ ಅಚ್ಚು ಹಾಕಿದರು. ಆಗ ಲೋಕಕ್ಕೆ ಗೊತ್ತಾಯಿತು. ಆ ಕ್ಷಾಮದಲ್ಲಿ ಸತ್ತವರು 20 ಲಕ್ಷಕ್ಕೂ ಹೆಚ್ಚು, ಹಲವು ವಿದ್ವಾಂಸರ ಅಂದಾಜಿನಲ್ಲಿ 30 ಲಕ್ಷದ ಆಸುಪಾಸು. ಬ್ರಿಟನ್ ತನ್ನ ಜನರ ಸ್ಥೈರ್ಯವನ್ನು ಕಾಯ್ದುಕೊಂಡ ಬಗೆಯನ್ನು ಮೆಚ್ಚಿ ಬರೆಯುವವರು ಈ ಲೆಕ್ಕವನ್ನೂ ಜೊತೆಗಿಟ್ಟುಕೊಂಡೇ ಬರೆಯಬೇಕು.