ಸಫಾರಿಗೆ ಮಿತಿಯುಂಟು, ನಮ್ಮ ಬೆಟ್ಟಗಳಿಗೇಕಿಲ್ಲ?

ಬೇಸಿಗೆ ರಜೆ ಸಮೀಪಿಸಿತೆಂದರೆ ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನಂತಹ ಊರುಗಳ ಮಧ್ಯಮ ವರ್ಗದ ಮನೆಗಳಲ್ಲಿಯೂ ಉತ್ತರ ಭಾರತದ ಪ್ರವಾಸದ ಮಾತು ಕೇಳಿಬರುತ್ತದೆ. ಒಂದು ತಲೆಮಾರಿನ ಹಿಂದೆ ಆ ಮಾತಿಗೆ ಕಾಶಿ, ಹರಿದ್ವಾರ, ಬದರಿ ಎಂಬಷ್ಟೇ ಅರ್ಥವಿತ್ತು. ಈಗ ಆ ಪಟ್ಟಿಗೆ ಹಿಮಾಲಯದ ತಪ್ಪಲಿನ ಕಾರ್ಬೆಟ್ ರಾಷ್ಟ್ರೀಯ ಉದ್ಯಾನದ ಜೀಪ್ ಸಫಾರಿಯೂ ಸೇರಿಕೊಂಡಿದೆ. ಮಕ್ಕಳಿಗೆ ಹುಲಿ ತೋರಿಸಬೇಕು, ರಾಮಗಂಗಾ ನದಿಯ ದಡದಲ್ಲಿ ಆನೆಯ ಹಿಂಡು ನೋಡಬೇಕು ಎಂಬ ಆಸೆ ಸಹಜವಾದುದು, ಸ್ವಾಗತಾರ್ಹವೂ ಹೌದು. ಕಾಡನ್ನು ನೋಡದವರು ಕಾಡಿನ ಪರವಾಗಿ ಮಾತನಾಡುವುದು ಅಪರೂಪ.

ಆದರೆ ಅಲ್ಲಿಂದ ಮರಳುವ ನಮ್ಮ ಪ್ರವಾಸಿಗರು ಹುಲಿಯ ಛಾಯಾಚಿತ್ರಗಳನ್ನು ತರುತ್ತಾರೆಯೇ ಹೊರತು, ಆ ಹುಲಿಯನ್ನು ನೋಡಲು ತಾವು ಒಪ್ಪಿಕೊಂಡ ಕಟ್ಟುಪಾಡುಗಳನ್ನಲ್ಲ. ಸಫಾರಿಗೆ ಮೊದಲೇ ಅನುಮತಿ ಪಡೆಯಬೇಕು, ಗುರುತಿನ ಚೀಟಿ ಒದಗಿಸಬೇಕು. ಒಂದು ಹೊತ್ತಿಗೆ ಒಂದು ವಲಯಕ್ಕೆ ಇಂತಿಷ್ಟೇ ಜೀಪುಗಳಿಗೆ ಪ್ರವೇಶ. ಮಾರ್ಗದರ್ಶಕನಿಲ್ಲದೆ ಗೇಟು ದಾಟುವಂತಿಲ್ಲ, ನಡುದಾರಿಯಲ್ಲಿ ಕೆಳಗಿಳಿಯುವಂತಿಲ್ಲ. ಮಳೆಗಾಲದಲ್ಲಿ ಕಾಡಿನ ಬಹುಭಾಗದ ಬಾಗಿಲು ಮುಚ್ಚುತ್ತದೆ. ಸಾವಿರಾರು ರೂಪಾಯಿ ತೆತ್ತು ಈ ನಿಯಮಗಳಿಗೆಲ್ಲ ತಲೆಬಾಗುವ ನಾವೇ, ಮನೆಯಿಂದ ಗಂಟೆಯ ಹಾದಿಯಲ್ಲಿರುವ ನಂದಿ ಬೆಟ್ಟಕ್ಕೆ ಹೋದಾಗ ಯಾವ ಮಿತಿಯನ್ನೂ ಸಹಿಸುವುದಿಲ್ಲ. ಈ ವಿಪರ್ಯಾಸದ ಬಗ್ಗೆ ಗಂಭೀರವಾಗಿ ಯೋಚಿಸಬೇಕಾದ ಕಾಲ ಬಂದಿದೆ.

ಕಾರ್ಬೆಟ್‌ನ ಕಟ್ಟುಪಾಡುಗಳು ಒಂದೇ ದಿನದಲ್ಲಿ ರೂಪುಗೊಂಡವಲ್ಲ. 1936ರಲ್ಲಿ ಹೈಲಿ ರಾಷ್ಟ್ರೀಯ ಉದ್ಯಾನವೆಂಬ ಹೆಸರಿನಲ್ಲಿ ಆರಂಭವಾದ ಇದು ದೇಶದ ಮೊದಲ ರಾಷ್ಟ್ರೀಯ ಉದ್ಯಾನ. 1973ರ ಏಪ್ರಿಲ್‌ನಲ್ಲಿ ಹುಲಿ ಯೋಜನೆಗೆ ಚಾಲನೆ ದೊರೆತದ್ದೂ ಅಲ್ಲಿಯೇ. ಇಷ್ಟು ಹಿರಿಮೆಯಿದ್ದರೂ ಪ್ರವಾಸೋದ್ಯಮದ ಹಸಿವು ಅಲ್ಲಿನ ಕಾಡನ್ನು ಬಿಡಲಿಲ್ಲ. ಬೇಲಿ ಹಾಕಿದ ಆವರಣದಲ್ಲಿ ಹುಲಿಗಳನ್ನಿರಿಸಿ ತೋರಿಸುವ 'ಟೈಗರ್ ಸಫಾರಿ'ಗಾಗಿ ಪಾಖ್ರೋ ಎಂಬಲ್ಲಿ 163 ಮರಗಳನ್ನು ಕಡಿಯಲು ಅನುಮತಿ ಪಡೆಯಲಾಗಿತ್ತು. ಆರು ಸಾವಿರಕ್ಕೂ ಹೆಚ್ಚು ಮರಗಳು ಉರುಳಿವೆ ಎಂದು ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಅಂದಾಜು ಮಾಡಿತು. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಈ ಪ್ರಕರಣದಲ್ಲಿ ರಾಜಕಾರಣಿ–ಅಧಿಕಾರಿಗಳನ್ನು ಕಟುವಾಗಿ ಟೀಕಿಸಿ, ಹುಲಿ ಸಂರಕ್ಷಿತ ಪ್ರದೇಶಗಳ ಕೇಂದ್ರ ಭಾಗದಲ್ಲಿ ಇಂತಹ ಸಫಾರಿ ಕೂಡದೆಂದಿತು. 2025ರ ನವೆಂಬರ್‌ನ ತೀರ್ಪಿನಲ್ಲಿ ರಾತ್ರಿ ಸಫಾರಿಯನ್ನೂ ನಿಷೇಧಿಸಿತು. ಪ್ರಾಣಿಗಳನ್ನು ತೋರಿಸುವ ಉದ್ಯಮವೇ ಪ್ರಾಣಿಗಳ ನೆಲೆಯನ್ನು ನುಂಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ವಿಷಯದಲ್ಲಿ ಕರ್ನಾಟಕಕ್ಕೆ ಒಳ್ಳೆಯ ಪರಂಪರೆಯೇ ಇದೆ. 1980ರಲ್ಲಿ ಸ್ಥಾಪನೆಯಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್, ಕಬಿನಿಯ ದಡದಲ್ಲಿ ಸರ್ಕಾರಿ ಸಂಸ್ಥೆಯೊಂದು ವನ್ಯಜೀವಿ ಪ್ರವಾಸವನ್ನು ಅಚ್ಚುಕಟ್ಟಾಗಿ ನಡೆಸಬಹುದೆಂದು ತೋರಿಸಿಕೊಟ್ಟಿತು. ಬಂಡೀಪುರದ ಸಫಾರಿಗೆ ಖಾಸಗಿ ವಾಹನಗಳಿಗೆ ಅವಕಾಶವಿಲ್ಲ. 2009ರಲ್ಲಿ ಜಾರಿಗೆ ಬಂದ ಬಂಡೀಪುರ ಹೆದ್ದಾರಿಯ ರಾತ್ರಿ ಸಂಚಾರ ನಿಷೇಧವನ್ನು, ನೆರೆರಾಜ್ಯದ ಒತ್ತಡವಿದ್ದರೂ ನಮ್ಮ ಜನ ಬೆಂಬಲಿಸಿದರು. 2012ರ ಜುಲೈನಲ್ಲಿ ಹುಲಿ ಪ್ರದೇಶಗಳ ಕೇಂದ್ರ ಭಾಗದ ಪ್ರವಾಸೋದ್ಯಮಕ್ಕೆ ಸುಪ್ರೀಂ ಕೋರ್ಟ್ ತಾತ್ಕಾಲಿಕ ತಡೆ ನೀಡಿತ್ತು. ಕೇಂದ್ರ ಭಾಗದ ಶೇ 20ನ್ನು ಮೀರದಂತೆ ಪ್ರವಾಸ ನಡೆಯಬೇಕೆಂಬ ಮಾರ್ಗಸೂಚಿ ಬಂದ ಮೇಲೆ, ಅದೇ ಅಕ್ಟೋಬರ್‌ನಲ್ಲಿ ಆ ತಡೆ ತೆರವಾಯಿತು. 2025ರ ನವೆಂಬರ್‌ನಲ್ಲಿ ಮೈಸೂರು ಜಿಲ್ಲೆಯ ಕಾಡಂಚಿನಲ್ಲಿ ಹುಲಿ ದಾಳಿಗೆ ಸಾಲುಸಾಲಾಗಿ ಜನ ಬಲಿಯಾದಾಗ, ಸರ್ಕಾರ ಬಂಡೀಪುರ ಹಾಗೂ ನಾಗರಹೊಳೆಗಳ ಸಫಾರಿಯನ್ನೇ ನಿಲ್ಲಿಸಿತು. ಸಫಾರಿ ವಾಹನಗಳ ಗದ್ದಲದಿಂದಲೇ ಹುಲಿಗಳು ಹೊಲಕ್ಕಿಳಿಯುತ್ತಿವೆ ಎಂಬ ರೈತರ ದೂರು ಎಷ್ಟರಮಟ್ಟಿಗೆ ಸರಿ ಎಂಬುದರ ಬಗ್ಗೆ ಭಿನ್ನಾಭಿಪ್ರಾಯಗಳಿರಬಹುದು. ಆದರೆ ಅಗತ್ಯ ಬಿದ್ದಾಗ ಪ್ರವಾಸವನ್ನು ನಿಲ್ಲಿಸುವ ಅಧಿಕಾರ ಮತ್ತು ವ್ಯವಸ್ಥೆ ಅಲ್ಲಿ ಇದೆಯೆಂಬುದಂತೂ ಸ್ಪಷ್ಟವಾಯಿತು.

ಆದರೆ ಈ ನಿಯಮಗಳೆಲ್ಲ ಹುಲಿಯ ಹೆಸರಿನಲ್ಲಿ ಬಂದವು. ಹುಲಿಯಿಲ್ಲದ ಕಾಡಿಗೆ ಯಾವ ರಕ್ಷಣೆ? ನಂದಿ ಬೆಟ್ಟ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಈ ಬೆಟ್ಟವನ್ನು ನಾವು ಟಿಪ್ಪುವಿನ ಬೇಸಿಗೆ ಅರಮನೆ, ಗಾಂಧೀಜಿ 1927 ಮತ್ತು 1936ರಲ್ಲಿ ವಿಶ್ರಾಂತಿ ಪಡೆದ ತಾಣ, 1986ರ ಸಾರ್ಕ್ ನಾಯಕರು ಭೇಟಿಯಿತ್ತ ಗಿರಿಧಾಮ ಎಂದು ಬಲ್ಲೆವು. ಪಕ್ಷಿವೀಕ್ಷಕರು ಅದನ್ನು ಬಲ್ಲುದೇ ಬೇರೆ ಬಗೆಯಲ್ಲಿ. ಬಯಲುಸೀಮೆಯ ಬಿಸಿಲಿನ ನಡುವೆ ಮಂಜನ್ನು ಹಿಡಿದಿಟ್ಟುಕೊಂಡ ಹಸಿರು ದ್ವೀಪ ಅದು. ಪಶ್ಚಿಮಘಟ್ಟವನ್ನು ಬಿಟ್ಟರೆ ಬೇರೆಡೆ ಕಾಣಸಿಗುವುದೇ ವಿರಳವಾದ ನೀಲಗಿರಿ ಕಾಡುಪಾರಿವಾಳ ಅಷ್ಟು ದೂರದಿಂದ ಬೇರ್ಪಟ್ಟು ಇಲ್ಲಿ ನೆಲೆಸಿದೆ. ದಕ್ಷಿಣ ಭಾರತದ ಬಂಡೆಗುಡ್ಡಗಳ ಕುರುಚಲು ಕಾಡಿಗೇ ಸೀಮಿತವಾದ ಹಳದಿ ಕತ್ತಿನ ಪಿಕಳಾರವೂ ಇಲ್ಲಿದೆ. ಇವೆರಡೂ ಜಾಗತಿಕವಾಗಿ ಅಪಾಯದಂಚಿನಲ್ಲಿರುವ ಹಕ್ಕಿಗಳೆಂದು ಗುರುತಿಸಲ್ಪಟ್ಟಿವೆ.

ಇನ್ನೂ ಸೋಜಿಗದ ಸಂಗತಿಯೆಂದರೆ, ನಾವು ಜೀಪು ಹತ್ತಿ ನೋಡಲು ಹೋಗುವ ಹಿಮಾಲಯವೇ ಪ್ರತಿ ಚಳಿಗಾಲದಲ್ಲಿ ನಂದಿಗೆ ಬರುತ್ತದೆ. ಹಿಮಾಲಯದ ಕಾಡುಗಳಲ್ಲಿ ಮರಿಮಾಡುವ ಟಿಕೆಲ್ಸ್ ಥ್ರಶ್, ನೀಲಿ ತಲೆಯ ರಾಕ್ ಥ್ರಶ್, ಅಲ್ಟ್ರಾಮರೀನ್ ಫ್ಲೈಕ್ಯಾಚರ್ ಮುಂತಾದ ಹಕ್ಕಿಗಳು ಚಳಿಗಾಲವನ್ನು ಇಲ್ಲಿನ ಮರಗಳ ನೆರಳಿನಲ್ಲಿ ಕಳೆಯುತ್ತವೆ. ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಫ್ಲೈಕ್ಯಾಚರ್ ಅರ್ಧ ದೇಶವನ್ನು ರೆಕ್ಕೆಯ ಬಲದಿಂದಲೇ ದಾಟಿ ಬರುತ್ತದೆ. ಥ್ರಶ್ ಜಾತಿಯ ಹಕ್ಕಿಗಳು ನೆಲದ ಮೇಲಿನ ತರಗೆಲೆಗಳನ್ನು ಮಗುಚಿ ಹುಳು ಹೆಕ್ಕುತ್ತವೆ. ತರಗೆಲೆ, ಪೊದೆ ಮತ್ತು ನಿಶ್ಶಬ್ದ, ಇವಿಷ್ಟೇ ಅವಕ್ಕೆ ಬೇಕಾದದ್ದು. ಶನಿವಾರ ರಾತ್ರಿಯೇ ಬೆಂಗಳೂರಿನಿಂದ ಹೊರಟು, ಸೂರ್ಯೋದಯದ ಹೊತ್ತಿಗೆ ತಿರುವು ರಸ್ತೆಯುದ್ದಕ್ಕೂ ಹಾರ್ನ್ ಬಾರಿಸುತ್ತ ನಿಲ್ಲುವ ಕಾರು, ಬೈಕುಗಳ ಸಾಲು ಈ ಮೂರನ್ನೂ ಉಳಿಸುವುದಿಲ್ಲ.

ಬೆಟ್ಟದ ತಾಳ್ಮೆಗೂ ಮಿತಿಯಿದೆ. 2021ರ ಆಗಸ್ಟ್‌ನಲ್ಲಿ ಭಾರಿ ಮಳೆಗೆ ಗುಡ್ಡ ಕುಸಿದು ನಂದಿಯ ರಸ್ತೆಯೇ ಕೊಚ್ಚಿಹೋಯಿತು. ಮೂರು ತಿಂಗಳಿಗೂ ಹೆಚ್ಚು ಕಾಲ ಪ್ರವಾಸಿಗರಿಗೆ ಪ್ರವೇಶವಿರಲಿಲ್ಲ. ಅದೇ ವರ್ಷದ ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ಹಿರೇನಾಗವಲ್ಲಿಯಲ್ಲಿ ಕಲ್ಲುಗಣಿಗಾರಿಕೆಗೆ ತಂದಿದ್ದ ಜಿಲೆಟಿನ್ ಸ್ಫೋಟಿಸಿ ಆರು ಮಂದಿ ಸತ್ತರು. ಬೆಟ್ಟವೆಂದರೆ ಜಲ್ಲಿಯ ರಾಶಿ, ಇಲ್ಲವೇ ವಾರಾಂತ್ಯದ ವಾಹನ ನಿಲ್ದಾಣ ಎಂದು ಭಾವಿಸುವ ಮನೋಭಾವ ಎರಡೂ ಕಡೆ ಒಂದೇ. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಘ್ನಿಗಳು ಹುಟ್ಟುವುದು ಈ ಬೆಟ್ಟಸಾಲಿನಲ್ಲಿ ಮತ್ತು ಅದರ ಆಸುಪಾಸಿನಲ್ಲಿ. ಇಷ್ಟು ನದಿಗಳ ತವರಾದ ಜಿಲ್ಲೆ ಇಂದು ಕೆರೆ ತುಂಬಿಸಿಕೊಳ್ಳಲು ಬೆಂಗಳೂರಿನ ಸಂಸ್ಕರಿತ ತ್ಯಾಜ್ಯನೀರನ್ನು ಆಶ್ರಯಿಸಬೇಕಾಗಿ ಬಂದಿದೆ. ಬೆಟ್ಟದ ಕಾಡು ಉಳಿಯುವುದು ಹಕ್ಕಿಗಳ ಅಗತ್ಯ ಮಾತ್ರವಲ್ಲ ಎಂಬುದನ್ನು ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೂ ಚಿಂತಾಮಣಿಯ ಟೊಮೆಟೊ ಬೆಳೆಗಾರರಿಗೂ ಬಿಡಿಸಿ ಹೇಳಬೇಕಾಗಿಲ್ಲ.

2023ರ ಮಾರ್ಚ್‌ನಲ್ಲಿ ನಂದಿ ಬೆಟ್ಟದ ರೋಪ್‌ವೇಗೆ ಶಂಕುಸ್ಥಾಪನೆ ನೆರವೇರಿತು. ರೋಪ್‌ವೇ ಎಂದೊಡನೆ ವಿರೋಧಿಸಬೇಕಾದ ಕಾರಣವಿಲ್ಲ. ಖಾಸಗಿ ವಾಹನಗಳನ್ನು ತಪ್ಪಲಿನಲ್ಲೇ ನಿಲ್ಲಿಸಿ, ರಸ್ತೆಯನ್ನು ತುರ್ತುಸೇವೆಗಳಿಗೂ ಸರ್ಕಾರಿ ಬಸ್ಸುಗಳಿಗೂ ಮೀಸಲಿಡುವುದಾದರೆ ಅದು ಬೆಟ್ಟಕ್ಕೆ ಉಪಕಾರಿಯೇ ಆದೀತು. ಕಾರುಗಳೂ ಹತ್ತಲಿ, ರೋಪ್‌ವೇಯೂ ಹತ್ತಿಸಲಿ ಎಂಬುದಾದರೆ ಮಾತ್ರ ಈಗಿನ ಜನಸಂದಣಿಗೆ ಇನ್ನೊಂದು ಬಾಗಿಲು ತೆರೆದಂತಾಗುತ್ತದೆ. ಆದ್ದರಿಂದ ರೋಪ್‌ವೇ ಬೇಕೇ ಬೇಡವೇ ಎಂಬ ಚರ್ಚೆಗಿಂತ, ದಿನವೊಂದಕ್ಕೆ ಬೆಟ್ಟದ ಮೇಲೆ ಎಷ್ಟು ಜನರಿರಬಹುದು ಎಂಬ ಪ್ರಶ್ನೆ ಮುಖ್ಯ. ಇದಕ್ಕೆ ಉತ್ತರ ಕಂಡುಕೊಂಡ ನಂತರವೇ ಉಳಿದ ಯೋಜನೆಗಳು ಮುಂದುವರಿಯಬೇಕು.

ಬೆಟ್ಟವಲ್ಲದ ಇನ್ನೊಂದು ನೆಲೆಯೂ ನೆರೆಯಲ್ಲಿದೆ. ಗೌರಿಬಿದನೂರಿಗೆ ಹತ್ತಿರದ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಿದೆ. 2007ರಲ್ಲಿ ಘೋಷಿತವಾದ ಇದರ ವಿಸ್ತೀರ್ಣ ಕೇವಲ 798 ಎಕರೆ. ಕೃಷ್ಣಮೃಗ ಬಯಲಿನ ಪ್ರಾಣಿ. ದೂರದಿಂದಲೇ ಅಪಾಯವನ್ನು ಕಂಡು ಓಡುವುದೇ ಅದರ ರಕ್ಷಣೆ. ಒಂದು ಛಾಯಾಚಿತ್ರಕ್ಕಾಗಿ ದಾರಿ ಬಿಟ್ಟು ಹುಲ್ಲಿನ ಮೇಲೆ ಓಡುವ ಒಂದೇ ಒಂದು ವಾಹನ ಇಡೀ ಹಿಂಡನ್ನು ಸುತ್ತಲಿನ ಹೊಲಗಳಿಗೆ ಅಟ್ಟಬಲ್ಲದು. ಅಲ್ಲಿ ಬೆಳೆಹಾನಿ, ಬೀದಿನಾಯಿಗಳ ಕಾಟ, ರೈತರ ಸಿಟ್ಟು ಎಲ್ಲವೂ ಕಾದಿರುತ್ತವೆ. ಸಾವಿರಾರು ಚದರ ಕಿಲೋಮೀಟರ್ ಕಾಡಿನಲ್ಲಿ ಹುಲಿಗೆ ಜೀಪಿನಿಂದ ದೂರ ಸರಿಯಲು ಜಾಗವಿದೆ. 798 ಎಕರೆಯಲ್ಲಿ ಕೃಷ್ಣಮೃಗ ಎಲ್ಲಿಗೆ ಸರಿಯಬೇಕು? ಕಾಡು ಚಿಕ್ಕದಾದಷ್ಟೂ ನಿಯಮ ಬಿಗಿಯಾಗಿರಬೇಕು. ನಮ್ಮಲ್ಲಿ ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ.

ಪ್ರವಾಸಿಗರನ್ನು ತಡೆದರೆ ಸ್ಥಳೀಯರ ಹೊಟ್ಟೆಪಾಡೇನು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಶಾಶ್ವತ ನದಿಯಿಲ್ಲದ, ಕೈಗಾರಿಕೆಯ ನೆರವೂ ಅಷ್ಟಕ್ಕಷ್ಟೇ ಇರುವ ಹಳ್ಳಿಗಳಿಗೆ ಪ್ರವಾಸೋದ್ಯಮ ಆಸರೆಯೇ ಸರಿ. ಆದರೆ ಮುಂಜಾನೆ ಬಂದು, ಸೂರ್ಯೋದಯ ನೋಡಿ, ಪ್ಲಾಸ್ಟಿಕ್ ಬಿಸುಟು ಹತ್ತು ಗಂಟೆಗೆಲ್ಲ ಬೆಂಗಳೂರಿಗೆ ಮರಳುವ ಸಂದಣಿಯಿಂದ ಹಳ್ಳಿಗೆ ದೊರೆಯುವುದು ಎಳನೀರು, ಚಹಾ, ಸೌತೆಕಾಯಿಯ ಚಿಲ್ಲರೆ ವ್ಯಾಪಾರ ಮಾತ್ರ. ಕಾರ್ಬೆಟ್‌ನಲ್ಲಿ ಮಾರ್ಗದರ್ಶಕರಾಗಿ, ಚಾಲಕರಾಗಿ ಸ್ಥಳೀಯ ಯುವಕರು ಜೀವನ ಕಂಡುಕೊಂಡಿರುವುದು ಪ್ರವೇಶಕ್ಕೆ ಮಿತಿಯಿರುವುದರಿಂದಲೇ. ಮಾರ್ಗದರ್ಶಕನಿಲ್ಲದೆ ಪ್ರವೇಶವಿಲ್ಲ ಎಂಬ ಒಂದು ನಿಯಮ, ನಂದಿ, ಸ್ಕಂದಗಿರಿ, ಕೈವಾರದ ಸುತ್ತಲ ಎಷ್ಟೋ ವಿದ್ಯಾವಂತ ನಿರುದ್ಯೋಗಿಗಳಿಗೆ ಗೌರವದ ದುಡಿಮೆ ಒದಗಿಸಬಲ್ಲದು.

ಮಿತಿಯನ್ನು ಜನ ಒಪ್ಪುವುದಿಲ್ಲ ಎಂಬ ಮಾತಿನಲ್ಲಿಯೂ ಹುರುಳಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಚಾರಣಿಗರು ಒಮ್ಮೆಗೇ ನೆರೆದಾಗ, ಆನ್‌ಲೈನ್ ನೋಂದಣಿಯಿಲ್ಲದ ಕಡೆ ಸರ್ಕಾರ ಚಾರಣವನ್ನು ತಡೆಯಿತು. ಸ್ಕಂದಗಿರಿಯಲ್ಲಿ ಮುಂಗಡ ನೋಂದಣಿ ಮಾಡಿಕೊಂಡು ಹತ್ತುವ ಪದ್ಧತಿ ರೂಢಿಗೆ ಬಂದಿದೆ. ಅದರಿಂದ ಚಾರಣ ಪ್ರಿಯರ ಉತ್ಸಾಹವೇನೂ ಕುಂದಿಲ್ಲ.

ಸರ್ಕಾರ ಮಾಡಬೇಕಾದದ್ದು ಇಷ್ಟು. ನಂದಿ ಬೆಟ್ಟಸಾಲಿನ ಧಾರಣಾಶಕ್ತಿಯನ್ನು ತಜ್ಞರಿಂದ ಅಳೆಸಿ ಬಹಿರಂಗಪಡಿಸಲಿ. ವಾರಾಂತ್ಯದಲ್ಲಿ ಖಾಸಗಿ ವಾಹನಗಳನ್ನು ತಪ್ಪಲಿನಲ್ಲಿಯೇ ನಿಲ್ಲಿಸಲಿ. ಚಳಿಗಾಲದ ಹಕ್ಕಿಗಳು ತಂಗುವ ಕಣಿವೆಗಳಲ್ಲಿ ಪೊದೆ, ತರಗೆಲೆಗಳನ್ನು ಸ್ವಚ್ಛತೆಯ ಹೆಸರಿನಲ್ಲಿ ಗುಡಿಸದಿರಲಿ. ಮೈದನಹಳ್ಳಿಯಲ್ಲಿ ನಿಗದಿತ ದಾರಿ ಬಿಟ್ಟು ವಾಹನ ಚಲಿಸಿದರೆ ದಂಡ ವಿಧಿಸಲಿ. ಅರಣ್ಯ, ತೋಟಗಾರಿಕೆ ಮತ್ತು ಪ್ರವಾಸೋದ್ಯಮ ಇಲಾಖೆಗಳು ಪರಸ್ಪರ ಬೆರಳು ತೋರುವುದನ್ನು ಬಿಟ್ಟು ಒಂದೇ ಮೇಜಿನ ಸುತ್ತ ಕೂರಲಿ. 2025ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟವೇ ನಂದಿ ಬೆಟ್ಟದಲ್ಲಿ ಸಭೆ ನಡೆಸಿದೆ. ಬೆಟ್ಟದ ಮಹತ್ವವನ್ನು ಆಳುವವರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ.

ನಾಗರಿಕರ ಪಾಲೂ ಇದೆ. ಕಾರ್ಬೆಟ್‌ನ ಜೀಪಿನಲ್ಲಿ ಉಸಿರು ಬಿಗಿಹಿಡಿದು ಮೌನವಾಗಿ ಕೂರುವುದನ್ನು ಕಲಿತ ಮಗು, ಅದೇ ಮೌನದಿಂದ ನಂದಿಯ ಮೆಟ್ಟಿಲನ್ನೂ ಹತ್ತುವಂತಾಗಬೇಕು. ಹಾಗಾಗದಿದ್ದರೆ ಹಿಮಾಲಯದ ತನಕ ಹೋಗಿ ಬಂದದ್ದು ಹಣದ ಖರ್ಚಾಗಿ ಮಾತ್ರ ಉಳಿಯುತ್ತದೆ. ಅಲ್ಲಿಂದ ಹಾರಿ ಬರುವ ಹಕ್ಕಿಗಳಿಗೆ ಮುಂದಿನ ಚಳಿಗಾಲದಲ್ಲಿ ಇಳಿಯಲು ಜಾಗ ಉಳಿಯುವುದಿಲ್ಲ.